ಎತ್ತಿಗೆ ಜ್ವರ, ಎಮ್ಮೆಗೆ ಬರೆ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ಫುಟ್ಬಾಲ್ ನೋಡುವವರಿಗೆಲ್ಲ ನೆನಪಿದೆ. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ನಾಕೌಟ್ ಪಂದ್ಯ, ಹೆಚ್ಚುವರಿ ಅವಧಿಯ ಆಟ. ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟಿ ನಿಲ್ಲುವುದರೊಳಗೆ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು, ರೆಫರಿ ಅದನ್ನು ಎತ್ತಿಹಿಡಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ಸಿಟ್ಟಿನಲ್ಲಿ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯೂ ಬಿದ್ದುಹೋಯಿತು. ಗೋಲು ಸರಿಯೋ ತಪ್ಪೋ ಎಂದು ಚಹಾದಂಗಡಿಗಳಲ್ಲಿ ಜಗಳವಾಡಿದವರು ಅಷ್ಟಕ್ಕೇ ನಿಲ್ಲಿಸಿದರು. ಅದೇ ವರ್ಷದ ಜೂನ್‌ನಲ್ಲಿ ಬ್ಲಾಸ್ಟರ್ಸ್ ಹೊರಡಿಸಿದ ಪ್ರಕಟಣೆ ಎಷ್ಟು ಮಂದಿಯ ಕಣ್ಣಿಗೆ ಬಿತ್ತೋ ಗೊತ್ತಿಲ್ಲ. ದಂಡದ ಹೊರೆಯಿಂದಾಗಿ ಮಹಿಳಾ ತಂಡವನ್ನು ‘ತಾತ್ಕಾಲಿಕವಾಗಿ’ ನಿಲ್ಲಿಸುತ್ತಿದ್ದೇವೆ ಎಂದು ಅದರಲ್ಲಿತ್ತು. ಆ ತಂಡ ಕಟ್ಟಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ.

ಗಂಡಸರು ಮೈದಾನ ಬಿಟ್ಟು ಹೋದರು, ಹೆಂಗಸರ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಲೆಕ್ಕವನ್ನೂ ನೋಡಿಬಿಡೋಣ. ಅದೇ 2023ರಲ್ಲಿ ಫೆಡರೇಷನ್ ಒಂದು ನಿಯಮ ಸಾರಿತ್ತು. ಇಂಡಿಯನ್ ವಿಮೆನ್ಸ್ ಲೀಗಿನ ಮೇಲಿನ ಹಂತದ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು. ಅಂದರೆ ತಿಂಗಳಿಗೆ ಇಪ್ಪತ್ತೇಳು ಸಾವಿರಕ್ಕೂ ಕಡಿಮೆ. ಎಂಟು ಕ್ಲಬ್ಬುಗಳ ಎಂಬತ್ತು ಮಂದಿಗೆ ಇದನ್ನು ಕೊಟ್ಟರೂ ಒಟ್ಟು ಎರಡೂವರೆ ಕೋಟಿಯ ಚಿಲ್ಲರೆ. ಒಬ್ಬ ಕೋಚ್‌ನ ಒಂದು ರಾತ್ರಿಯ ಕೋಪದ ಬೆಲೆ ಇಡೀ ಲೀಗಿನ ಕನಿಷ್ಠ ಕೂಲಿಗಿಂತ ಹೆಚ್ಚು! ಆ ದುಡ್ಡನ್ನು ಗಂಡಸರ ತಂಡದ ಖರ್ಚಿನಲ್ಲೇ ಉಳಿಸಬಹುದಿತ್ತು. ಬೇಡವಾದದ್ದು ಯಾವುದೆಂದು ಆಡಳಿತ ಮಂಡಳಿಗೆ ಮೊದಲೇ ಗೊತ್ತಿತ್ತು, ದಂಡ ಒಂದು ನೆಪವಾಯಿತು.

ಬ್ಲಾಸ್ಟರ್ಸನ್ನು ಮಾತ್ರ ಬೈದರೆ ಅನ್ಯಾಯವಾದೀತು. 2022ರ ಆಗಸ್ಟಿನಲ್ಲಿ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್ ಆಡಲು ತಾಷ್ಕೆಂಟ್‌ಗೆ ಹೋಗಿತ್ತು. ಅವರು ಅಲ್ಲಿಗೆ ತಲುಪುವ ಹೊತ್ತಿಗೇ ಫಿಫಾ ನಮ್ಮ ಫೆಡರೇಷನ್ನನ್ನು ಅಮಾನತು ಮಾಡಿತು. ಕಾರಣ, ಅವಧಿ ಮುಗಿದರೂ ಕುರ್ಚಿ ಬಿಡದ ಪದಾಧಿಕಾರಿಗಳು, ಅದು ಕೋರ್ಟಿಗೆ ಹೋದದ್ದು, ಕೋರ್ಟು ಆಡಳಿತಗಾರರ ಸಮಿತಿ ನೇಮಿಸಿದ್ದು. ಆಟಗಾರ್ತಿಯರು ಬೂಟು ಕಟ್ಟಿಕೊಂಡು ಹೋಟೆಲಿನಲ್ಲಿ ಕೂತರು. ಪ್ರಧಾನಿಗೆ ಮನವಿ ಮಾಡಿಕೊಂಡದ್ದೂ ಆಯಿತು. ಅಮಾನತು ತೆರವಾದದ್ದು ಆಗಸ್ಟ್ 26ಕ್ಕೆ. ಅಷ್ಟರಲ್ಲಿ ಟೂರ್ನಿ ಕೈತಪ್ಪಿತ್ತು. ಕುರ್ಚಿಯ ಜಗಳದಲ್ಲಿ ಒಬ್ಬ ಹೆಣ್ಣುಮಗಳ ಪಾತ್ರವೂ ಇರಲಿಲ್ಲ, ಪಂದ್ಯ ಕಳೆದುಕೊಂಡವರಲ್ಲಿ ಗಂಡಸರ ಒಂದು ತಂಡವೂ ಇರಲಿಲ್ಲ.

ನಾನಿರುವುದು ಚೆನ್ನೈನ ಬೆಸೆಂಟ್ ನಗರದಲ್ಲಿ. ಎಲಿಯಟ್ಸ್ ಬೀಚಿನ ಕಾರ್ಲ್ ಶ್ಮಿಟ್ ಸ್ಮಾರಕದ ಆಸುಪಾಸಿನ ಮರಳಲ್ಲಿ ಬಿಸಿಲೇರುವ ಮುನ್ನವೇ ಚೆಂಡಾಟ ಶುರುವಾಗುತ್ತದೆ. ಹುಡುಗರ ಗುಂಪಿನಲ್ಲಿ ಇಬ್ಬರೋ ಮೂವರೋ ಹುಡುಗಿಯರು. ಅವರಲ್ಲೊಬ್ಬಳು ಬಿ.ಕಾಂ ಓದುತ್ತಾಳೆ, ಕಾಲೇಜು ತಂಡದಲ್ಲಿ ಮಿಡ್‌ಫೀಲ್ಡರ್. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ಬಂದ ಚೆಂಡನ್ನು ನಿಲ್ಲಿಸುವುದಿಲ್ಲ, ತಿರುಗುತ್ತಲೇ ಮುಂದಕ್ಕೆ ತಳ್ಳುತ್ತಾಳೆ. ಯಾರೋ ಒಳ್ಳೆಯ ಕೋಚ್ ಕಲಿಸಿದ್ದಾರೆ. ಡಿಗ್ರಿ ಆದಮೇಲೆ ಏನು ಎಂದು ಒಮ್ಮೆ ಕೇಳಿದ್ದಕ್ಕೆ, “ಪೊಲೀಸ್ ಸೆಲೆಕ್ಷನ್‌ಗೆ ಓದ್ತಿದೀನಿ ಅಂಕಲ್” ಎಂದಳು. ಲೀಗಿನ ಹೆಸರನ್ನೂ ಎತ್ತಲಿಲ್ಲ.

ಅವಳ ಲೆಕ್ಕಾಚಾರದಲ್ಲಿ ತಪ್ಪೇನಿಲ್ಲ. ಕಡಲೂರಿನ ಇಂದುಮತಿ ಕದಿರೇಶನ್ ಈ ದೇಶ ಕಂಡ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರು. ಮದುರೆಯ ಸೇತು ಎಫ್‌ಸಿ 2019ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಾಗ ಆ ತಂಡದಲ್ಲಿದ್ದವರು. ಅವರ ಅನ್ನದ ದಾರಿ ತಮಿಳುನಾಡು ಪೊಲೀಸಿನ ಸಬ್ ಇನ್‌ಸ್ಪೆಕ್ಟರ್ ಕೆಲಸ. 2020ರ ಲಾಕ್‌ಡೌನಿನಲ್ಲಿ ಭಾರತ ತಂಡದ ಈ ಆಟಗಾರ್ತಿ ಚೆನ್ನೈನ ರಸ್ತೆಯಲ್ಲಿ ಡ್ಯೂಟಿಯಲ್ಲಿದ್ದರು. ಬಂಗಾಳದ ಸಂಗೀತಾ ಬಸ್ಫೋರ್ ಕೂಡ ಮಿಡ್‌ಫೀಲ್ಡರೇ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಭಾರತ 2-1ರಿಂದ ಗೆದ್ದಾಗ ಎರಡೂ ಗೋಲು ಅವರದೇ. ಅರ್ಹತಾ ಸುತ್ತು ಗೆದ್ದು ನಾವು ಏಷ್ಯಾ ಕಪ್ಪಿಗೆ ಹೋದದ್ದು ಅದೇ ಮೊದಲು. ಸಂಗೀತಾ ಸಂಬಳ ಪಡೆಯುವುದು ಸಶಸ್ತ್ರ ಸೀಮಾ ಬಲದಿಂದ. ಪೊಲೀಸು, ಗಡಿಪಡೆ, ರೈಲ್ವೆ ಇಲ್ಲದಿದ್ದರೆ ನಮ್ಮ ಮಹಿಳಾ ಫುಟ್ಬಾಲ್ ಎಂದೋ ನಿಂತುಹೋಗುತ್ತಿತ್ತು. ಇದನ್ನು ‘ವೃತ್ತಿಪರ’ ಫುಟ್ಬಾಲ್ ಎಂದು ಕರೆಯಲು ಫೆಡರೇಷನ್ನಿಗೆ ನಾಚಿಕೆಯಾಗಬೇಕು.

ಗಟ್ಟಿಯಾದ ಲೀಗ್ ಇಲ್ಲದಿರುವುದರ ಪೆಟ್ಟು ಮಿಡ್‌ಫೀಲ್ಡರ್‌ಗೆ ಇನ್ನೂ ಜೋರು. ಓಟದ ವೇಗವನ್ನು ಒಬ್ಬರೇ ಬೆಳೆಸಿಕೊಳ್ಳಬಹುದು. ಯಾರು ಎಲ್ಲಿ ಓಡುತ್ತಾರೆ, ಯಾವಾಗ ಚೆಂಡು ಬಿಡಬೇಕು ಎನ್ನುವುದು ಪಂದ್ಯದಿಂದ ಪಂದ್ಯಕ್ಕೆ ಮೈಗೂಡಬೇಕಾದದ್ದು. ಅಂತರ್ ವಿಶ್ವವಿದ್ಯಾಲಯ ಟೂರ್ನಿ ನಾಲ್ಕಾರು ದಿನದಲ್ಲಿ ಮುಗಿಯುತ್ತದೆ. ಎಂಟು ತಂಡಗಳ ರಾಷ್ಟ್ರೀಯ ಲೀಗಿನಲ್ಲಿ ತಂಡಕ್ಕೆ ಸಿಗುವುದು ಹದಿನಾಲ್ಕು ಪಂದ್ಯ. ಉಳಿದ ತಿಂಗಳು ಪ್ರಾಕ್ಟೀಸಿಗೆ ಹೋಗೋಣವೆಂದರೆ ಟರ್ಫಿಗೆ ಬಾಡಿಗೆ. 2024ರ ಅಕ್ಟೋಬರಿನಲ್ಲಿ ಚೆನ್ನೈ ಪಾಲಿಕೆ ತನ್ನ ಫುಟ್ಬಾಲ್ ಟರ್ಫುಗಳನ್ನೂ ಖಾಸಗಿಯವರ ಕೈಗಿತ್ತು, ಆಡುವವರಿಂದ ಗಂಟೆಗೆ 120 ರೂಪಾಯಿ ವಸೂಲಿ ಮಾಡಲು ಹೊರಟಿತ್ತು. ಜನ ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ತಿರುಗಿಬಿದ್ದರೆ ಕೆಲಸವಾಗುತ್ತದೆ ಎನ್ನುವುದಕ್ಕೂ ಇದೇ ಸಾಕ್ಷಿ.

‘ಹೆಂಗಸರ ಫುಟ್ಬಾಲ್ ನೋಡುವವರಿಲ್ಲ, ನಷ್ಟದ ಬಾಬತ್ತು’ ಎನ್ನುವ ಮಾತು ಪ್ರತಿ ಸಲವೂ ಬರುತ್ತದೆ. ಗಂಡಸರದು ಯಾವ ಲಾಭದ ಬಾಬತ್ತು? 2025ರ ಆಗಸ್ಟಿನಲ್ಲಿ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳ ತಡೆಹಿಡಿಯಿತು. ಅದರ ಹಿಂದೆಯೇ ಚೆನ್ನೈಯಿನ್ ಎಫ್‌ಸಿಯೂ. ಲೀಗಿನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ಒಂದು ಬಿಡ್ಡೂ ಬರಲಿಲ್ಲ. ಹತ್ತು ವರ್ಷ ನಷ್ಟದಲ್ಲೇ ಗಂಡಸರ ತಂಡ ಸಾಕಿದವರು ಹೆಂಗಸರ ತಂಡದ ಮಾತು ಬಂದಾಗ ಮಾತ್ರ ಖಾತೆ ಪುಸ್ತಕ ತೆಗೆಯುತ್ತಾರೆ.

ಅಮೆರಿಕದ ಮಹಿಳಾ ತಂಡ ನಾಲ್ಕು ವಿಶ್ವಕಪ್ ಗೆದ್ದದ್ದು ಪ್ರೇಕ್ಷಕರ ದಯೆಯಿಂದಲ್ಲ. ಸರ್ಕಾರದ ಹಣ ಪಡೆಯುವ ಕಾಲೇಜು ಹೆಣ್ಣು ಗಂಡೆಂದು ಭೇದ ಮಾಡಕೂಡದು ಎಂದು 1972ರಲ್ಲಿ ಅಲ್ಲಿ ಕಾನೂನು ಬಂತು. ಕಾಲೇಜುಗಳು ಹೆಣ್ಣುಮಕ್ಕಳ ತಂಡ ಕಟ್ಟಲೇಬೇಕಾಯಿತು, ಪ್ರೇಕ್ಷಕರು ಆಮೇಲೆ ಬಂದರು. ಕಾಲೇಜು ಮುಗಿಸಿದವರನ್ನು ಕ್ಲಬ್ಬುಗಳು ಹಂಚಿಕೊಳ್ಳುವ ಡ್ರಾಫ್ಟ್ ಪದ್ಧತಿಯನ್ನು ಅಲ್ಲಿಯ ಮಹಿಳಾ ಲೀಗ್ 2024ರಲ್ಲಿ ಕೈಬಿಟ್ಟಿತು. ತಾನು ಯಾವ ಊರಿಗೆ ಹೋಗಬೇಕೆಂದು ಈಗ ಆಟಗಾರ್ತಿಯೇ ತೀರ್ಮಾನಿಸುತ್ತಾಳೆ. ನಮ್ಮಲ್ಲಿ ಹೋಗಲು ಊರೇ ಇಲ್ಲ.

ನಮ್ಮ ಚೆನ್ನೈ, ಬೆಂಗಳೂರುಗಳನ್ನೇ ತೆಗೆದುಕೊಳ್ಳಿ. 2024-25ರ ಮಹಿಳಾ ಲೀಗಿನಲ್ಲಿ ಎಂಟು ತಂಡಗಳಿದ್ದವು. ಆ ವರ್ಷದ ಹದಿಮೂರು ಐಎಸ್‌ಎಲ್ ಕ್ಲಬ್ಬುಗಳಲ್ಲಿ ಅಲ್ಲಿ ಕಂಡದ್ದು ಎರಡೇ: ಈಸ್ಟ್ ಬೆಂಗಾಲ್ ಮತ್ತು ಒಡಿಶಾ. ಬೆಂಗಳೂರಿನ ಹೆಸರು ಉಳಿಸಿದ್ದು ಕಿಕ್‌ಸ್ಟಾರ್ಟ್ ಎಫ್‌ಸಿ, 2023ರಲ್ಲಿ ಫೈನಲ್‌ವರೆಗೂ ಹೋದ ತಂಡ. ತಮಿಳುನಾಡಿನ ಹೆಸರು ಉಳಿಸಿದ್ದು ಸೇತು. ತಮಿಳುನಾಡಿನ ಹುಡುಗಿಯರು 2018ರಲ್ಲೂ 2023ರಲ್ಲೂ ರಾಷ್ಟ್ರೀಯ ಚಾಂಪಿಯನ್ನರು, ಆದರೂ ಚೆನ್ನೈನ ಶ್ರೀಮಂತ ಕ್ಲಬ್ಬಿಗೆ ಅವರಲ್ಲಿ ಹನ್ನೊಂದು ಮಂದಿ ಕಾಣಲಿಲ್ಲ. ಬೆಂಗಳೂರಿನ ಕಥೆ ಇನ್ನೂ ಹಳೆಯದು. ಎಪ್ಪತ್ತು ಎಂಬತ್ತರ ದಶಕದಲ್ಲೇ ಭಾರತ ತಂಡದ ಗೋಲಿಗೆ ಕಾವಲು ನಿಂತ ಚಿತ್ರಾ ಗಂಗಾಧರನ್ ಆ ಊರಿನವರು. 1980ರಲ್ಲಿ ಕಲ್ಲಿಕೋಟೆಯಲ್ಲಿ ನಾವು ಏಷ್ಯಾದ ರನ್ನರ್ ಅಪ್ ಆಗಿದ್ದೆವು.

ಆದ್ದರಿಂದ ಫೆಡರೇಷನ್ ಮಾಡಬೇಕಾದದ್ದು ಸರಳ. ಐಎಸ್‌ಎಲ್ ಲೈಸೆನ್ಸ್ ಬೇಕಿದ್ದರೆ ಮಹಿಳಾ ಲೀಗಿನಲ್ಲೂ ತಂಡವಿರಲಿ, ಎರಡನೇ ಹಂತದಿಂದಲೇ ಶುರುವಾದರೂ ಸರಿ. ಅದಾಗದಿದ್ದರೆ ಕಿಕ್‌ಸ್ಟಾರ್ಟ್, ಸೇತುವಿನಂಥ ತಂಡದ ಪೂರ್ತಿ ಖರ್ಚನ್ನು ಹೊರಲಿ. ಗಂಡಸರ ತಂಡಕ್ಕೆ ಬಿದ್ದ ದಂಡವನ್ನು ಹೆಂಗಸರ ತಂಡದ ದುಡ್ಡಿನಿಂದ ತುಂಬಿದರೆ ಆ ಲೈಸೆನ್ಸ್ ರದ್ದಾಗಲಿ. ಕಂಠೀರವಕ್ಕೆ ಸೀಸನ್ ಟಿಕೆಟ್ ಕೊಳ್ಳುವ ಓದುಗರಲ್ಲಿ ನನ್ನದೊಂದು ಕೋರಿಕೆ. ಈ ಸಲ ದುಡ್ಡು ಕಟ್ಟುವ ಮೊದಲು ಕ್ಲಬ್ಬಿಗೆ ಒಂದು ಪತ್ರ ಬರೆಯಿರಿ. ರಾಷ್ಟ್ರೀಯ ಲೀಗಿಗೆ ನಿಮ್ಮ ಹೆಣ್ಣುಮಕ್ಕಳ ತಂಡ ಯಾವ ವರ್ಷ ಬರುತ್ತದೆ, ಅವರಿಗೆ ಸಂಬಳ ಎಷ್ಟು ಎಂದು ಕೇಳಿ. ಉತ್ತರ ಬಾರದಿದ್ದರೆ ಆ ದುಡ್ಡಿನಲ್ಲಿ ಕಿಕ್‌ಸ್ಟಾರ್ಟ್ ಹುಡುಗಿಯರ ಪಂದ್ಯ ನೋಡಲು ಹೋಗಿ.