ಗೋಡೆ ಕಲಿಸುವ ಆಟ

ಬಾಗಿಲ ಮರೆಯಲ್ಲಿ ಅವಿತು ಗುಂಡು ಹಾರಿಸಿದವನನ್ನು ಉಳಿದ ಆಟಗಾರರು ಹೇಡಿ ಎಂದು ಬೈಯುತ್ತಾರೆ. ಬೈಯಬೇಕಾದದ್ದು ಅಲ್ಲಿ ಬಾಗಿಲಿಟ್ಟವನನ್ನು. 2001ರಲ್ಲಿ ಡೇವ್ ಜಾನ್‌ಸ್ಟನ್ 'ಕೌಂಟರ್ ಸ್ಟ್ರೈಕ್' ಆಟಕ್ಕೆ ರಚಿಸಿದ 'ಡಸ್ಟ್ 2' ನಕ್ಷೆಯನ್ನೇ ನೋಡಿ. ಅದರ ಉದ್ದನೆಯ ಓಣಿ ದೂರದಿಂದ ಗುರಿಯಿಡುವವನನ್ನು ತಯಾರಿಸುತ್ತದೆ. ಇಕ್ಕಟ್ಟಾದ ಸುರಂಗ ಗುಂಪಾಗಿ ನುಗ್ಗುವವರನ್ನು. ಆಟಗಾರನ ಸ್ವಭಾವವೆಂದು ನಾವು ಕರೆಯುವುದು ಬಹಳಷ್ಟು ಗೋಡೆಯ ಸ್ವಭಾವ.

ಹಾಗಿದ್ದ ಮೇಲೆ, ಅರಬ್ ಊರಿನಂತೆ ಕಾಣುವ ಅಲ್ಲಿ ಮನೆಗಳಿದ್ದೂ ಮನೆಯವರಿಲ್ಲದಿರುವುದೂ ಒಂದು ಪಾಠವೇ: ಎದುರಾದವನು ಜೊತೆಗಾರನಲ್ಲದಿದ್ದರೆ ಶತ್ರು, ಮೂರನೆಯವನೇ ಇಲ್ಲ. 2009ರ 'ಮಾಡರ್ನ್ ವಾರ್‌ಫೇರ್ 2' ಆಟದ ಕರಾಚಿಯಲ್ಲಿ ಬೋರ್ಡುಗಳು ಉರ್ದುವಿನಲ್ಲಲ್ಲ, ಅರಬಿಯಲ್ಲಿದ್ದವು. ಗುಂಡಿನ ದಾರಿಯನ್ನು ಅಷ್ಟು ಜಾಗ್ರತೆಯಿಂದ ಅಳೆದವರಿಗೆ ಆ ಊರಿನ ಭಾಷೆ ಯಾವುದೆಂದು ಕೇಳುವ ಪುರುಸೊತ್ತಿರಲಿಲ್ಲ. ಹುಡುಗರನ್ನು ಬೈಯುವ ಮುನ್ನ ನಕ್ಷೆ ಬರೆದವರನ್ನು ಕೇಳೋಣ: ಈ ಊರಿನವರೆಲ್ಲ ಎಲ್ಲಿ ಹೋದರು?