ಬಜಪೆಯ ಗುಡ್ಡವೂ ಮರಳಿ ಏರುವ ವಿವೇಕವೂ

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿಯಿಂದ ಊರಿಗೆ ಹೊರಟ ನಮ್ಮವರ ಬಾಯಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ವಿಮಾನವು ಮಂಗಳೂರಿನ ಮೇಲೆ ಸುತ್ತು ಹೊಡೆಯಿತು, ಆದರೆ ಇಳಿಯಲಿಲ್ಲ. ಬೆಂಗಳೂರಿಗೋ ಕೊಚ್ಚಿಗೋ ಒಯ್ದು ಇಳಿಸಿದರು. ಒಂದು ದಿನ ವ್ಯರ್ಥವಾಯಿತು ಎಂಬುದೇ ಆ ದೂರು. ಅದರ ಹಿಂದಿರುವ ಸಂಕಟವನ್ನು ನಾವು ಬಲ್ಲೆವು. ರಜೆ ನಾಲ್ಕೇ ದಿನದ್ದು. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿರುತ್ತಾಳೆ, ಇಲ್ಲವೇ ತಂಗಿಯ ಮದುವೆಯ ಮುಹೂರ್ತವು ಮರುದಿನ ಬೆಳಿಗ್ಗೆಯೇ ಇರುತ್ತದೆ. ಆದರೂ ಈ ದೂರಿನ ವಿಷಯದಲ್ಲಿ ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಅದಕ್ಕೆ ಮೊದಲು ಆ ನಿಲ್ದಾಣದ ಚರಿತ್ರೆಯನ್ನೂ ಅದು ನಿಂತಿರುವ ನೆಲದ ಸ್ವರೂಪವನ್ನೂ ಓದುಗರು ತಿಳಿದಿರುವುದು ಒಳ್ಳೆಯದು.

ಮಂಗಳೂರಿನಿಂದ ಸುಮಾರು 13 ಕಿಲೋಮೀಟರು ದೂರದ ಬಜಪೆಯ ಗುಡ್ಡದ ಮೇಲೆ ಈ ವಿಮಾನ ನಿಲ್ದಾಣವು 1951ನೆಯ ಇಸವಿ ಡಿಸೆಂಬರ್ 25ರಂದು ಉದ್ಘಾಟನೆಗೊಂಡಿತು. ಅಂದಿನ ಪ್ರಧಾನಿ ಪಂಡಿತ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ರಾಜ್ಯದಲ್ಲಿತ್ತು. ಕನ್ನಡ ನಾಡು ಒಂದುಗೂಡಲು ಇನ್ನೂ ಐದು ವರ್ಷ ಕಾಯಬೇಕಾಗಿತ್ತು. ಆ ಬಳಿಕವೂ ಬಹುಕಾಲ ವಿಮಾನವೆಂಬುದು ಸಾಹುಕಾರರ ಮತ್ತು ಅಧಿಕಾರಿಗಳ ವಾಹನವಾಗಿಯೇ ಉಳಿಯಿತು. ಹೋಟೆಲಿನ ಮಾಣಿಗೂ ಕಚೇರಿಯ ಗುಮಾಸ್ತನಿಗೂ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ಣಪ್ರಮಾಣದಲ್ಲಿ ಓಡತೊಡಗಿದ ಮೇಲೆ ಊರು ಹತ್ತಿರವಾಯಿತು. ಕಡಿಮೆ ದರದ ವಿಮಾನಗಳು ಬಂದ ಮೇಲೆ ಇನ್ನಷ್ಟು ಹತ್ತಿರವಾಯಿತು. ತಂದೆಯ ಅಂತ್ಯಕಾಲದ ಸುದ್ದಿ ಬಂದಾಗ ಸಾಲ ಮಾಡಿಯಾದರೂ ವಿಮಾನದ ಟಿಕೇಟು ಕೊಳ್ಳುವವರು ಇಂದು ನಮ್ಮಲ್ಲಿ ಅನೇಕರಿದ್ದಾರೆ.

ಆದರೆ ಗುಡ್ಡದ ಸ್ವರೂಪ ಬದಲಾಗಿಲ್ಲ. ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಅದರ ಮೇಲೆ ರನ್‌ವೇಯನ್ನು ಹಾಸಿದ್ದಾರೆ. ಅದರ ತುದಿ ದಾಟಿದರೆ ಕಮರಿ. ಮೇಜಿನಂತಹ ಈ ನೆಲದ ಮೇಲಿನ ಮೊದಲ ರನ್‌ವೇಯ ಉದ್ದ 1,615 ಮೀಟರು ಮಾತ್ರ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಮಳೆಯಲ್ಲಿ ತುದಿಯನ್ನು ಮೀರಿ ಓಡಿ ನಿಂತಿತು, ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. 2006ರಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ಸಿದ್ಧವಾಯಿತು. ಅದೇ ವರ್ಷ ದುಬೈಗೆ ನೇರ ವಿಮಾನವೂ ಆರಂಭವಾಗಿ, ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಮಕ್ಕಳಿಗೆ ಮನೆಯ ಬಾಗಿಲು ತೆರೆದಂತಾಯಿತು.

2010ರ ಮೇ 22ರಂದು ಅದೇ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಮಂದಿಯಿದ್ದರು. 158 ಮಂದಿ ಮಡಿದರು. ಉಳಿದವರು ಎಂಟೇ ಜನ. ಇಲ್ಲಿ ಓದುಗರು ಗಮನವಿಟ್ಟು ನೋಡಬೇಕಾದ ಸಂಗತಿಗಳಿವೆ. ಅಂದು ಗಾಳಿ ಶಾಂತವಾಗಿತ್ತು. ಆರು ಕಿಲೋಮೀಟರು ದೂರದವರೆಗೆ ಕಣ್ಣಿಗೆ ಕಾಣಿಸುತ್ತಿತ್ತು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಿಂದ ರಭಸವಾಗಿ ಇಳಿಯಿತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಅದರ ಗಾಲಿ ನೆಲ ಮುಟ್ಟಿತು. ಅಂದರೆ ಹಳೆಯ ರನ್‌ವೇಯ ಉದ್ದದಷ್ಟನ್ನು ಗಾಳಿಯಲ್ಲಿಯೇ ಕಳೆದ ಹಾಗಾಯಿತು. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯವು ಕಂಡುಕೊಂಡಂತೆ, ಸಹವೈಮಾನಿಕನು ‘ಮರಳಿ ಏರಿರಿ’ ಎಂಬ ಸೂಚನೆಯನ್ನು ಮೂರು ಸಲ ಕೊಟ್ಟಿದ್ದನು. ಯಂತ್ರವೂ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಟ್ಟಿತ್ತು. ಆದರೂ ಮುಖ್ಯ ವೈಮಾನಿಕರು ಇಳಿಯುವುದನ್ನು ಕೈಬಿಡಲಿಲ್ಲ. ದುರಂತಕ್ಕೆ ಅದೇ ನೇರ ಕಾರಣವೆಂದು ನ್ಯಾಯಾಲಯವು ಹೇಳಿತು. ಪ್ರಯಾಣದ ಬಹುಭಾಗ ಅವರು ನಿದ್ರಿಸಿದ್ದರೆಂಬುದೂ ವರದಿಯಲ್ಲಿದೆ. ಸಹವೈಮಾನಿಕನು ತಾನೇ ವಿಮಾನವನ್ನು ಮೇಲೆತ್ತಬಹುದೇ ಎಂಬ ವಿಷಯದಲ್ಲಿ ಅಂದಿನ ಸೂಚನೆಗಳು ಸ್ಪಷ್ಟವಾಗಿರಲಿಲ್ಲ.

ಹತ್ತು ವರ್ಷಗಳ ತರುವಾಯ, 2020ರ ಆಗಸ್ಟ್ 7ರಂದು, ಇಂಥದೇ ಗುಡ್ಡದ ಮೇಲಿರುವ ಕೋಝಿಕ್ಕೋಡಿನ ನಿಲ್ದಾಣದಲ್ಲಿ ಮಳೆಯ ರಾತ್ರಿ 21 ಜೀವಗಳು ಹೋದವು. ಅಲ್ಲಿಯೂ ಮರಳಿ ಏರಬೇಕೆಂದು ಜೊತೆಯ ವೈಮಾನಿಕನು ಹೇಳಿದ್ದನು. ಅಲ್ಲಿಯೂ ಆ ಮಾತು ನಡೆಯಲಿಲ್ಲ. ಎರಡು ಗುಡ್ಡಗಳು ಒಂದೇ ಪಾಠವನ್ನು ಎರಡು ಸಲ ಕಲಿಸಿದವೆಂದು ವಿಷಾದದಿಂದ ಹೇಳದೆ ವಿಧಿಯಿಲ್ಲ.

ಈ ಪಾಠವು ನಮ್ಮ ಕಸುಬಿನವರಿಗೆ ಹೊಸದಲ್ಲ. ಕುದಿಯುವ ಎಣ್ಣೆಯ ಬಾಣಲೆಗೆ ಬೆಂಕಿ ಹತ್ತೀತೆಂದು ಕಿರಿಯ ಹುಡುಗನೊಬ್ಬನು ಕೂಗಿದಾಗ, ‘ನೀನೇನು ನನಗೆ ಕಲಿಸುವುದು’ ಎಂದು ಗದರುವ ಹಿರಿಯ ಭಟ್ಟರನ್ನು ಯಾವ ಅಡಿಗೆಮನೆ ಕಂಡಿಲ್ಲ? ಅಲ್ಲಿ ಸುಡುವುದು ಒಂದು ಮಾಡು. ಆಕಾಶದಲ್ಲಿಯಾದರೋ ನೂರಾರು ಸಂಸಾರಗಳು. ಕಿರಿಯನ ಎಚ್ಚರಿಕೆಗೆ ಹಿರಿಯನು ತಲೆಬಾಗುವ ಪದ್ಧತಿಯು ವಿಮಾನ ಕಂಪೆನಿಗಳಲ್ಲಿ ಬರಹದಲ್ಲಿ ಮಾತ್ರವಲ್ಲದೆ ಆಚರಣೆಯಲ್ಲಿಯೂ ಇದೆಯೇ ಎಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆಗಾಗ ಪರೀಕ್ಷಿಸುತ್ತಿರಬೇಕು. ಮರಳಿ ಏರಿದ ವೈಮಾನಿಕನಿಗೆ ಸುಟ್ಟ ಇಂಧನದ ಲೆಕ್ಕ ಕೇಳುವ ಪ್ರಸಂಗವು ಯಾವ ಕಂಪೆನಿಯಲ್ಲಿಯೂ ಬರಕೂಡದು.

ಅಧಿಕಾರವರ್ಗದವರಿಗೂ ಒಂದು ಮಾತು. ರನ್‌ವೇಯ ತುದಿಯಾಚೆ ಬಿಡಬೇಕಾದ ಸುರಕ್ಷಾ ಬಯಲು ಕನಿಷ್ಠ 90 ಮೀಟರು ಇರಬೇಕೆಂದೂ, 240 ಮೀಟರಿದ್ದರೆ ಉತ್ತಮವೆಂದೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮತ. ಗುಡ್ಡದ ಮೇಲೆ ಈ ಬಯಲನ್ನು ಹಿಗ್ಗಿಸುವುದು ಸುಲಭವಲ್ಲ. ಮಣ್ಣು ತುಂಬಬೇಕು, ಭೂಮಿ ಬೇಕು, ಭೂಮಿ ಬಿಟ್ಟುಕೊಡುವ ಕೃಷಿಕರಿಗೆ ನ್ಯಾಯವಾದ ಪರಿಹಾರ ಸಲ್ಲಬೇಕು. ಸ್ಥಳ ಸಾಲದ ಕಡೆ, ಮೀರಿ ಓಡಿದ ವಿಮಾನದ ಗಾಲಿ ಹೂತು ನಿಲ್ಲುವಂತೆ ಮೆದು ಹಾಸನ್ನು ಹಾಕುವ ಉಪಾಯವು ಹೊರದೇಶಗಳಲ್ಲಿ ರೂಢಿಯಲ್ಲಿದೆ. 2020ರ ಅಕ್ಟೋಬರ್ 31ರಿಂದ ನಿಲ್ದಾಣದ ಆಡಳಿತವು 50 ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಂಸ್ಥೆಯ ಕೈಯಲ್ಲಿದೆ. ವಿಮಾನಸಂಚಾರದ ನಿಯಂತ್ರಣವು ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿಯೇ ಉಳಿದಿದೆ. ಭೂಮಿಯ ಪ್ರಶ್ನೆ ರಾಜ್ಯ ಸರಕಾರದ್ದು. ಮೂವರು ಯಜಮಾನರಿರುವ ಮನೆಯಲ್ಲಿ ಮಾಡು ಸೋರಿದರೆ ಏಣಿ ತರುವವನಾರೆಂಬ ಪ್ರಶ್ನೆ ಏಳುವುದು ಸಹಜ. ಪ್ರಯಾಣಿಕರಿಂದ ಶುಲ್ಕ ವಸೂಲಾಗುತ್ತಿರುವಾಗ ಸುರಕ್ಷಾ ಕಾರ್ಯವು ಅಂಗಡಿಗಳ ಅಲಂಕಾರಕ್ಕಿಂತ ಮೊದಲು ನಡೆಯಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ಇನ್ನು ನಮ್ಮ ಪಾಲಿನ ಕೆಲಸ. ಹೋಟೆಲು ಮಾಲಕರಲ್ಲಿಯೂ ಕಚೇರಿಯ ವ್ಯವಸ್ಥಾಪಕರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ವಿಮಾನ ಬೇರೆಡೆ ಇಳಿದುದರಿಂದ ಒಂದು ದಿನ ತಡವಾಗಿ ಬಂದ ನೌಕರನ ಸಂಬಳವನ್ನು ಕಡಿಯಬೇಡಿರಿ. ಗಲ್ಲಾದಲ್ಲಿ ಕುಳಿತು ಸಂಬಳ ಎಣಿಸಿ ಕೊಟ್ಟ ಅನುಭವ ನಮಗೂ ಉಂಟು. ಒಬ್ಬನ ಒಂದು ದಿನದ ಕೂಲಿ ಉಳಿದುದರಿಂದ ಯಾವ ಹೋಟೆಲೂ ಉದ್ಧಾರವಾದುದಿಲ್ಲ. ಪ್ರಯಾಣಿಕ ಬಂಧುಗಳಾದರೋ, ಮಳೆಗಾಲದಲ್ಲಿ ಮುಹೂರ್ತದ ಹಿಂದಿನ ದಿನವೇ ಊರು ತಲಪುವಂತೆ ಹೊರಡಲಿ. ಮೋಡ ಕವಿದ ಬಜಪೆಯ ಮೇಲಿಂದ ವಿಮಾನವು ಮತ್ತೆ ಆಕಾಶಕ್ಕೆ ನೆಗೆದಾಗ ಚಾಲಕನನ್ನು ಶಪಿಸದಿರಲಿ. ಕೂಳೂರು ತಣ್ಣೀರುಬಾವಿಯ ಬಳಿ, ಫಲ್ಗುಣಿ ನದಿಯ ದಡದಲ್ಲಿ 2010ರಲ್ಲಿ ಮಡಿದವರ ಸ್ಮಾರಕವಿದೆ. ಊರಿಗೆ ಹೋದವರು ಒಮ್ಮೆ ಅಲ್ಲಿ ನಿಂತು ಬರಲಿ. ಕೊಚ್ಚಿಯಿಂದ ಬಸ್ಸು ಹಿಡಿದು ಬಂದ ಆಯಾಸವು ಬಹಳ ಹಗುರವಾಗಿ ತೋರೀತು.