ಹಳೆ ಕಾಂಕ್ರೀಟ್ ಸೇರಬೇಕಾದ್ದು ಹಳ್ಳಕ್ಕಲ್ಲ

ಮೂಡಿಗೆರೆಯಿಂದ ಕಳಸದವರೆಗೆ ಹೋಂಸ್ಟೇ, ರೆಸಾರ್ಟ್, ರಸ್ತೆ ಎಂದು ಒಂದಿಲ್ಲೊಂದು ಕೆಲಸ ನಡೆಯುತ್ತಲೇ ಇರುತ್ತದೆ. ಹಳೆಯ ಲೈನ್ ಮನೆ, ಬಿರುಕು ಬಿಟ್ಟ ಕಾಫಿ ಕಣ, ಮಳೆಗೆ ವಾಲಿದ ತಡೆಗೋಡೆಗಳನ್ನು ಒಡೆದಾಗ ಬರುವ ಕಾಂಕ್ರೀಟ್ ಎಷ್ಟೋ ಸಲ ರಸ್ತೆ ಬದಿಯ ಇಳಿಜಾರಿಗೋ ಹಳ್ಳಕ್ಕೋ ಬೀಳುತ್ತದೆ. ಈ ಹಳ್ಳಗಳೇ ಮುಂದೆ ಹೇಮಾವತಿ, ಭದ್ರೆಯನ್ನು ಸೇರುತ್ತವೆ. ಇತ್ತ ಹೊಸ ಕಟ್ಟಡದ ಜಲ್ಲಿಗಾಗಿ ಇನ್ನೊಂದು ಗುಡ್ಡಕ್ಕೆ ಸಿಡಿಮದ್ದು ಇಡುತ್ತೇವೆ. 2019ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ನಮಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಒಡೆದ ಕಾಂಕ್ರೀಟನ್ನೇ ಪುಡಿ ಮಾಡಿ ಜಲ್ಲಿಯಾಗಿ ಬಳಸಬಹುದು. ತೊಡಕು ಒಂದೇ: ಕಲ್ಲಿಗೆ ಅಂಟಿಕೊಂಡ ಹಳೆಯ ಗಾರೆಯಲ್ಲಿ ಸಣ್ಣ ರಂಧ್ರಗಳಿದ್ದು, ಅದು ಹೆಚ್ಚು ನೀರು ಹೀರುತ್ತದೆ; ಬಲವೂ ಕಡಿಮೆ. ಈ ಜಲ್ಲಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಗಾರೆಯಲ್ಲಿನ ಸುಣ್ಣದ ಅಂಶ ಅದರೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ರಂಧ್ರಗಳು ತುಂಬಿಕೊಳ್ಳುತ್ತವೆ. ಜಲ್ಲಿ ಗಟ್ಟಿಯಾಗುತ್ತದೆ, ಅನಿಲ ಕಲ್ಲಾಗಿ ಉಳಿಯುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಹಿರಿಯರ ಸುಣ್ಣದ ಗಾರೆ ಗಟ್ಟಿಯಾದದ್ದೂ ಗಾಳಿಯಲ್ಲಿನ ಇದೇ ಅನಿಲವನ್ನು ಹೀರಿಕೊಂಡೇ.

ಸ್ವಿಟ್ಜರ್‌ಲೆಂಡಿನ ನ್ಯೂಸ್ಟಾರ್ಕ್ ಕಂಪನಿ ಬಯೋಗ್ಯಾಸ್ ಘಟಕಗಳ ಇಂಗಾಲದ ಡೈಆಕ್ಸೈಡನ್ನು ಹೀಗೆ ಹಳೆ ಕಾಂಕ್ರೀಟಿಗೆ ಸೇರಿಸುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಟ್ಟಡ ತ್ಯಾಜ್ಯದಲ್ಲಿ ಈ ಅನಿಲವನ್ನು ಹಿಡಿದಿಡುವ ಸಂಶೋಧನೆ ನಡೆದಿದೆ. ಹಾಗೆಂದು ಇದರಿಂದಲೇ ಹವಾಮಾನದ ಸಮಸ್ಯೆ ತೀರುವುದಿಲ್ಲ. ಒಂದು ಟನ್ ಹಳೆ ಕಾಂಕ್ರೀಟ್ ಹಿಡಿದಿಡುವುದು ಸುಮಾರು 10 ಕಿಲೋ ಅನಿಲ ಮಾತ್ರ. ಒಂದು ಟನ್ ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವುದು ಅದರ ಎಷ್ಟೋ ಪಟ್ಟು ಹೆಚ್ಚು. ನಮ್ಮ ಮಟ್ಟಿಗೆ ನಿಜವಾದ ಲಾಭ ಗುಡ್ಡ, ಹಳ್ಳಗಳು ಉಳಿಯುವುದು.

ಇದಕ್ಕೆ ನಿಯಮದ ಅಡ್ಡಿಯೂ ಇಲ್ಲ. ಐಎಸ್ 383:2016 ಮಾನದಂಡದ ಪ್ರಕಾರ ಮರುಬಳಕೆಯ ಕಾಂಕ್ರೀಟ್ ಜಲ್ಲಿಯನ್ನು ಎಂ25 ದರ್ಜೆವರೆಗಿನ ಆರ್‌ಸಿಸಿಯಲ್ಲಿ ಶೇ 20ರಷ್ಟು, ಸಾದಾ ಕಾಂಕ್ರೀಟಿನಲ್ಲಿ ಶೇ 25ರಷ್ಟು, ಎಂ15ಕ್ಕಿಂತ ಕೆಳಗಿನ ಬೆಡ್ ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಬಹುದು. ಕೇಂದ್ರದ 2025ರ ಕಟ್ಟಡ ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ನಿರ್ಮಾಣ ಮಾಡುವವರ ಮೇಲೆ ಹಾಕಿರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ. ಅಂಥ ಕಟ್ಟಡ ನಮ್ಮ ಮಲೆನಾಡಿನಲ್ಲಿ ಎಷ್ಟಿವೆ? ಇಲ್ಲಿನ ತ್ಯಾಜ್ಯ ಬರುವುದು ನೂರಾರು ಸಣ್ಣ ಕೆಲಸಗಳಿಂದ. ಆದ್ದರಿಂದ ಸ್ಥಳೀಯ ಆಡಳಿತವೇ ಮುಂದೆ ಬರಬೇಕು.

ಮೊದಲು ತಾಲ್ಲೂಕಿಗೊಂದು ಸಂಗ್ರಹ ಜಾಗ, ಜಿಲ್ಲೆಗೊಂದು ಕ್ರಷರ್ ಸಾಕು. ಸರ್ಕಾರಿ ಕಾಮಗಾರಿಯ ಬೆಡ್ ಕಾಂಕ್ರೀಟಿಗೆ ಈ ಜಲ್ಲಿಯನ್ನೇ ಬಳಸಬೇಕೆಂದು ಟೆಂಡರಿನಲ್ಲಿ ಬರೆದರೆ ಕೊಳ್ಳುವವರೂ ಸಿಗುತ್ತಾರೆ. ಅನಿಲ ಸೇರಿಸುವುದು ಎರಡನೇ ಹೆಜ್ಜೆ. ಕಾಫಿ ಪಲ್ಪಿಂಗ್ ನೀರಿನಿಂದ ಬಯೋಗ್ಯಾಸ್ ತೆಗೆಯಬಹುದು. ಬಯೋಗ್ಯಾಸ್‌ನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವುದು ಸಾಮಾನ್ಯ. ಹೊಳೆ ಕೆಡಿಸುವ ಎರಡು ತ್ಯಾಜ್ಯಗಳು ಒಂದಕ್ಕೊಂದು ಉಪಯೋಗಕ್ಕೆ ಬಂದರೆ ಬೇಡ ಎನ್ನುವವರು ಯಾರು? ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೂ ಇದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.